ಸಂಘದ ಅಂಚೆಪೆಟ್ಟಿಗೆಗೊಂದು ಜರಡಿ: ಸರ್ವರಿನಲ್ಲೇ ಇ-ಮೇಲ್ ವಿಂಗಡಿಸುವ ಬಗೆ

ಕೇರಳದ ಶಾಲೆಗಳಲ್ಲಿ ಅಧ್ಯಯನ ವರ್ಷದ ಆರನೆಯ ಕೆಲಸದ ದಿನಕ್ಕೆ ವಿಶೇಷ ಮಹತ್ವವಿದೆ. ಅಂದಿನ ಮಕ್ಕಳ ಸಂಖ್ಯೆಯನ್ನು ಆಧಾರವಾಗಿಟ್ಟುಕೊಂಡು ಆ ವರ್ಷದ ವಿಭಾಗಗಳೂ ಅಧ್ಯಾಪಕ ಹುದ್ದೆಗಳೂ ನಿರ್ಣಯವಾಗುತ್ತವೆ. ಮಕ್ಕಳ ಸಂಖ್ಯೆ ಅಂಚಿನಲ್ಲಿರುವ ಕನ್ನಡ ಮಾಧ್ಯಮ ವಿಭಾಗವೊಂದಕ್ಕೆ ಒಂದೇ ಹೆಸರಿನ ತಿದ್ದುಪಡಿ ತಪ್ಪಿಹೋದರೂ ಆಗುವ ನಷ್ಟ ಸಣ್ಣದಲ್ಲ. ಅದೇ ದಿನಗಳಲ್ಲಿ ಪಠ್ಯಪುಸ್ತಕದ ಬೇಡಿಕೆ, ವಿದ್ಯಾರ್ಥಿವೇತನದ ಗಡು, ಹಿಂದೆ ಸಲ್ಲಿಸಿದ ಮನವಿಗಳಿಗೆ ಉತ್ತರ, ಎಲ್ಲವೂ ಇ-ಮೇಲ್ ಮೂಲಕವೇ ಬರುತ್ತವೆ. ಅವುಗಳ ನಡುನಡುವೆ ಸಾಲ ಕೊಡುವವರ, ತರಬೇತಿ ಸಂಸ್ಥೆಗಳ, ಸಮವಸ್ತ್ರ ಮಾರುವವರ ಜಾಹೀರಾತುಗಳೂ ಬಂದು ಬೀಳುತ್ತವೆ. ರಕ್ಷಕ-ಶಿಕ್ಷಕ ಸಂಘದ ಕಾರ್ಯದರ್ಶಿ ಹಗಲಿಡೀ ತೋಟದಲ್ಲೋ ಅಂಗಡಿಯಲ್ಲೋ ದುಡಿದು ರಾತ್ರಿ ಫೋನು ತೆರೆದಾಗ, ಬೇಕಾದ ಪತ್ರ ಎಂಟು ಹತ್ತು ಪತ್ರಗಳ ಅಡಿಯಲ್ಲಿ ಅಡಗಿರುತ್ತದೆ.

ಇದಕ್ಕೆ ಪರಿಹಾರವಾಗಿ ‘ಸೀವ್’ ಎಂಬ ಸಣ್ಣದೊಂದು ಗಣಕಭಾಷೆ ಇದೆ. ಆ ಇಂಗ್ಲಿಷ್ ಪದದ ಅರ್ಥವೇ ಜರಡಿ. ಪತ್ರ ನಮ್ಮ ಫೋನಿಗೆ ತಲುಪುವ ಮೊದಲೇ, ಅದನ್ನು ಸ್ವೀಕರಿಸುವ ಸರ್ವರಿನಲ್ಲೇ ಅದು ಎಲ್ಲಿಗೆ ಸೇರಬೇಕೆಂದು ತೀರ್ಮಾನಿಸುವ ನಿಯಮಗಳನ್ನು ಈ ಭಾಷೆಯಲ್ಲಿ ಬರೆದಿಡಬಹುದು. ಕನ್ನಡ ಶಾಲೆಗಳ ಪತ್ರವ್ಯವಹಾರದಲ್ಲಿ ತೊಡಗಿಕೊಂಡಿರುವ ನಾವು ಇದನ್ನು ಇಲ್ಲಿ ವಿವರಿಸುತ್ತಿರುವುದಕ್ಕೆ ಅನುಕೂಲವೊಂದೇ ಕಾರಣವಲ್ಲ. ಹಕ್ಕಿನ ಸಂಗತಿಯೂ ಇದರಲ್ಲಿದೆ. ಅದನ್ನು ಮೊದಲು ಹೇಳಿಬಿಡುತ್ತೇವೆ.

ಸಂವಿಧಾನದ 350ನೇ ವಿಧಿಯ ಪ್ರಕಾರ, ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವುದೇ ಅಧಿಕಾರಿಗೆ ಅಹವಾಲು ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. 1956ರ ಏಳನೇ ತಿದ್ದುಪಡಿಯ ಮೂಲಕ 350ಎ ಮತ್ತು 350ಬಿ ವಿಧಿಗಳು ಸೇರಿದವು. ಮೊದಲನೆಯದು ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯಕ್ಕೆ ಸಂಬಂಧಿಸಿದ್ದು. ಎರಡನೆಯದು ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿಯೊಬ್ಬರನ್ನು ನೇಮಿಸಿ, ಅವರ ವರದಿ ಸಂಸತ್ತಿನ ಎರಡೂ ಸದನಗಳ ಮುಂದೆ ಬರುವಂತೆ ವಿಧಿಸಿತು. ಕಾಸರಗೋಡು ಕೇರಳಕ್ಕೆ ಸೇರಿದ್ದೂ ಅದೇ 1956ರ ನವೆಂಬರ್ 1ರಂದು. ಕನ್ನಡದಲ್ಲಿ ಬರೆದ ಮನವಿಗೆ ಮಲಯಾಳದಲ್ಲಿ ಉತ್ತರ ಬರುತ್ತದೆ ಎಂದು ನಾವೆಲ್ಲ ಸಭೆಗಳಲ್ಲಿ ಹೇಳುತ್ತಲೇ ಬಂದಿದ್ದೇವೆ. ಎಷ್ಟು ಮನವಿಗಳಿಗೆ, ಯಾವ ತಾರೀಕಿನಂದು, ಯಾವ ಕಛೇರಿಯಿಂದ ಎಂದು ಕೇಳಿದರೆ ಕೈಯಲ್ಲಿ ಲೆಕ್ಕ ಇರುವುದಿಲ್ಲ. ಪತ್ರಗಳು ಪೆಟ್ಟಿಗೆಯಲ್ಲೇ ಇವೆ, ಬೇರ್ಪಟ್ಟಿಲ್ಲ ಅಷ್ಟೇ. ಬಂದ ಪತ್ರವನ್ನು ಅದರ ಲಿಪಿಯ ಪ್ರಕಾರ ಬೇರ್ಪಡಿಸಿಡುವ ಕೆಲಸವನ್ನು ಸೀವ್ ಮಾಡಬಲ್ಲದು.

ಈ ಭಾಷೆ ಹೊಸದಲ್ಲ. ಟಿಮ್ ಶೋವಾಲ್ಟರ್ ಅವರು ಬರೆದ ಇದರ ಮೊದಲ ಮಾನಕ 2001ರ ಜನವರಿಯಲ್ಲಿ ‘ಆರ್‌ಎಫ್‌ಸಿ 3028’ ಎಂಬ ಹೆಸರಿನಲ್ಲಿ ಪ್ರಕಟವಾಯಿತು. ಪರಿಷ್ಕೃತ ರೂಪ 2008ರಲ್ಲಿ ‘ಆರ್‌ಎಫ್‌ಸಿ 5228’ ಆಗಿ ಬಂತು. ದೂರದಿಂದ ಈ ನಿಯಮಗಳನ್ನು ಸರ್ವರಿಗೆ ಕಳುಹಿಸುವ, ಬದಲಾಯಿಸುವ ವಿಧಾನಕ್ಕೆ ‘ಮ್ಯಾನೇಜ್‌ಸೀವ್’ ಎಂದು ಹೆಸರು. ಅದರ ಮಾನಕ 2010ರದು. ಮೂಲ ಸೀವ್ ಭಾಷೆಯಲ್ಲಿ ಒಂದು ಕೆಲಸವನ್ನು ಮರಳಿ ಮರಳಿ ಸುತ್ತಿಸುವ ಸೌಲಭ್ಯವನ್ನು ಬೇಕೆಂದೇ ಇಟ್ಟಿಲ್ಲ. ಯಾರೋ ಒಬ್ಬರು ಬರೆದ ನಿಯಮದಿಂದಾಗಿ ಸಾವಿರ ಜನರ ಪತ್ರಗಳನ್ನು ಹೊತ್ತ ಸರ್ವರ್ ಸಿಕ್ಕಿಹಾಕಿಕೊಳ್ಳಬಾರದು ಎಂಬುದೇ ಅದರ ಉದ್ದೇಶ. ಹೀಗಾಗಿ ‘ಹೀಗಿದ್ದರೆ ಹಾಗೆ ಮಾಡು’ ಎಂಬಷ್ಟು ಸರಳವಾದ ವಾಕ್ಯಗಳೇ ಇದರಲ್ಲಿ ಹೆಚ್ಚು. ಎಂಟನೆಯ ತರಗತಿಯ ಮಗುವೂ ಓದಿ ತಿಳಿದುಕೊಳ್ಳಬಹುದು.

ಇನ್ನು ಕಮಾಂಡ್ ಲೈನ್. ಕಪ್ಪು ಕಿಟಕಿಯಲ್ಲಿ ಆಜ್ಞೆ ಬರೆದು ಕೆಲಸ ಮಾಡಿಸುವುದೆಂದರೆ ಹಿರಿಯರಿಗೆ ಅಂಜಿಕೆ ಇರಬಹುದು. ನಮ್ಮ ಮಕ್ಕಳಿಗೆ ಅದು ಅಪರಿಚಿತವಲ್ಲ. 2001ರಲ್ಲಿ ಆರಂಭವಾದ ಐಟಿ@ಸ್ಕೂಲ್ ಯೋಜನೆ 2017ರಲ್ಲಿ ‘ಕೈಟ್’ ಎಂಬ ಸರಕಾರಿ ಕಂಪೆನಿಯಾಯಿತು. ಅದರ ಆಶ್ರಯದಲ್ಲಿ ಕೇರಳದ ಶಾಲೆಗಳ ಗಣಕಯಂತ್ರಗಳು ಸ್ವತಂತ್ರ ತಂತ್ರಾಂಶವಾದ ಗ್ನೂ/ಲಿನಕ್ಸ್‌ನಲ್ಲಿ ನಡೆಯುತ್ತಿವೆ. ಇಲ್ಲಿ ಹೇಳಲಿರುವ ಸಲಕರಣೆಗಳೂ ಸ್ವತಂತ್ರ ತಂತ್ರಾಂಶಗಳೇ, ಉಬುಂಟುವಿನ ಭಂಡಾರದಲ್ಲಿ ದುಡ್ಡಿಲ್ಲದೆ ಸಿಗುವಂಥವು. ಶಾಲೆಯ ಗಣಕದಲ್ಲಿ ಹೊಸದೇನನ್ನಾದರೂ ಸ್ಥಾಪಿಸುವ ಮೊದಲು ಮುಖ್ಯೋಪಾಧ್ಯಾಯರ ಅನುಮತಿ ಪಡೆಯಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಒಂದು ಮಿತಿಯನ್ನು ಇಲ್ಲೇ ತಿಳಿಸಬೇಕು. ಜಿಮೇಲ್‌ನಲ್ಲಿ ಸೀವ್ ಇಲ್ಲ. ಅಲ್ಲಿ ಪತ್ರ ವಿಂಗಡಿಸುವ ವ್ಯವಸ್ಥೆ ಬೇರೆಯೇ ಇದ್ದು, ಅದನ್ನು ಸೆಟ್ಟಿಂಗ್ಸ್ ಪುಟದಲ್ಲಿ ಕ್ಲಿಕ್ಕಿಸಿಯೇ ಮಾಡಬೇಕು. ಸಂಘಕ್ಕೆ ಸ್ವಂತ ಡೊಮೈನ್ ಹೆಸರಿದ್ದು ಅದರ ಅಂಚೆಪೆಟ್ಟಿಗೆ ‘ಡವ್‌ಕಾಟ್’ನಂತಹ ಸರ್ವರ್ ತಂತ್ರಾಂಶದಲ್ಲಿ ನಡೆಯುತ್ತಿದ್ದರೆ ಸೀವ್ ದೊರೆಯುವ ಸಾಧ್ಯತೆ ಹೆಚ್ಚು. ಸೇವೆ ಒದಗಿಸುವವರಲ್ಲಿ ‘ಮ್ಯಾನೇಜ್‌ಸೀವ್ ಇದೆಯೇ, 4190ನೇ ಪೋರ್ಟ್ ತೆರೆದಿದೆಯೇ’ ಎಂಬ ಎರಡು ಪ್ರಶ್ನೆಗಳನ್ನು ಕೇಳಿದರೆ ಸಾಕು.

ನಿಯಮಗಳನ್ನು ಬರೆದ ಫೈಲಿಗೆ ಸ್ಕ್ರಿಪ್ಟ್ ಎನ್ನುತ್ತಾರೆ. ನಾವು ನಿಯಮಪಟ್ಟಿ ಎನ್ನೋಣ. ಇದು ಸಾದಾ ಪಠ್ಯದ ಫೈಲು. ಇದರೊಳಗಿನ ಆಜ್ಞಾಪದಗಳನ್ನು ನಾವು ಇಲ್ಲಿ ಕನ್ನಡದಲ್ಲಿ ಬರೆದಿದ್ದರೂ ಫೈಲಿನಲ್ಲಿ ಅವು ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು. ಆದರೆ ನಾವು ಹುಡುಕುವ ಪದಗಳು, ಫೋಲ್ಡರುಗಳ ಹೆಸರು, ಟಿಪ್ಪಣಿಗಳು ಕನ್ನಡದಲ್ಲಿರಲು ಯಾವ ಅಡ್ಡಿಯೂ ಇಲ್ಲ. ಮಾನಕವೇ ಅದಕ್ಕೆ ಅವಕಾಶ ಕೊಟ್ಟಿದೆ. ‘#’ ಚಿಹ್ನೆಯ ಮುಂದೆ ಬರೆದದ್ದನ್ನೆಲ್ಲ ಯಂತ್ರ ಓದದೆ ದಾಟುತ್ತದೆ. ಪ್ರತಿ ನಿಯಮದ ಮೇಲೆ ಅದು ಏಕೆ ಬೇಕಾಯಿತು ಎಂಬ ಒಂದು ಸಾಲನ್ನು ಕನ್ನಡದಲ್ಲಿ ಬರೆದಿಡಿ. ಮುಂದಿನ ಕಾರ್ಯದರ್ಶಿಗೆ ಅದೇ ದಾರಿದೀಪ.

ಆಜ್ಞೆಗಳಲ್ಲಿ ಮುಖ್ಯವಾದವು ಕೆಲವೇ. ‘ಕೀಪ್’ ಎಂದರೆ ಪತ್ರವನ್ನು ಒಳಪೆಟ್ಟಿಗೆಯಲ್ಲೇ ಇರಿಸು. ‘ಫೈಲ್‌ಇಂಟು’ ಎಂದರೆ ಇಂಥ ಫೋಲ್ಡರಿಗೆ ಹಾಕು. ‘ರಿಡೈರೆಕ್ಟ್’ ಎಂದರೆ ಬೇರೊಂದು ವಿಳಾಸಕ್ಕೆ ಕಳುಹಿಸು. ‘ಡಿಸ್ಕಾರ್ಡ್’ ಎಂದರೆ ಸದ್ದಿಲ್ಲದೆ ಎಸೆದುಬಿಡು. ಯಾವ ನಿಯಮಕ್ಕೂ ಸಿಗದ ಪತ್ರ ತಾನಾಗಿಯೇ ಒಳಪೆಟ್ಟಿಗೆಯಲ್ಲಿ ಉಳಿಯುತ್ತದೆ. ನಿಯಮ ನಡೆಯುವಾಗ ದೋಷ ಕಂಡುಬಂದರೂ ಹಾಗೆಯೇ. ಹತ್ತು ಜನರ ಹಿತ ಅಡಗಿರುವ ಪೆಟ್ಟಿಗೆಯಲ್ಲಿ ‘ಡಿಸ್ಕಾರ್ಡ್’ ಆಜ್ಞೆಯನ್ನು ಬಳಸಲೇಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಜಾಹೀರಾತನ್ನೂ ಒಂದು ಫೋಲ್ಡರಿಗೆ ಹಾಕಿ, ವಾರಕ್ಕೊಮ್ಮೆ ಕಣ್ಣಾಡಿಸಿ, ಕೈಯಾರೆ ಅಳಿಸಿ. ‘ರಿಡೈರೆಕ್ಟ್’ ವಿಷಯದಲ್ಲೂ ಎಚ್ಚರ ಬೇಕು. ಮಕ್ಕಳ ಹೆಸರು, ಬ್ಯಾಂಕ್ ಖಾತೆ, ಜಾತಿ ಪ್ರಮಾಣಪತ್ರದ ವಿವರಗಳಿರುವ ಪತ್ರಗಳನ್ನು ಸಮಿತಿಯ ಎಲ್ಲರ ಖಾಸಗಿ ಪೆಟ್ಟಿಗೆಗಳಿಗೂ ಹಂಚುವುದು ಸರಿಯಲ್ಲ.

ಈಗ ಲಿಪಿಯ ಸಂಗತಿಗೆ ಬರೋಣ. ಇ-ಮೇಲ್ ಹುಟ್ಟಿದ್ದು ಇಂಗ್ಲಿಷ್ ಅಕ್ಷರಗಳಿಗಾಗಿ. ಆದುದರಿಂದ ವಿಷಯಸಾಲಿನಲ್ಲಿ ನಾವು ಕನ್ನಡ ಬರೆದರೆ ಸಾಮಾನ್ಯವಾಗಿ ಅದು ಇಂಗ್ಲಿಷ್ ಅಕ್ಷರಗಳ ವೇಷ ತೊಟ್ಟೇ ಪ್ರಯಾಣ ಮಾಡುತ್ತದೆ. ‘ಕನ್ನಡ’ ಎಂಬ ಪದವನ್ನೇ ನೋಡಿ. ಕಣ್ಣಿಗೆ ಕಾಣುವುದು ಮೂರು ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಕ, ನ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ನ, ಡ ಎಂದು ಐದು ಸಂಕೇತಗಳು. ಒಂದೊಂದಕ್ಕೆ 3 ಬೈಟುಗಳಂತೆ ಒಟ್ಟು 15 ಬೈಟು. ಪ್ರಯಾಣದ ವೇಷದಲ್ಲಿ ಅದು 20 ಇಂಗ್ಲಿಷ್ ಅಕ್ಷರಗಳಾಗುತ್ತದೆ. ಒಂದು ತುಂಡು 75 ಅಕ್ಷರಗಳನ್ನು ಮೀರಬಾರದೆಂಬ ನಿಯಮ ಇರುವುದರಿಂದ, ಹೀಗೆ ವೇಷ ತೊಟ್ಟ ಕನ್ನಡದ 15 ಸಂಕೇತಗಳಷ್ಟೇ ಒಂದು ತುಂಡಿನಲ್ಲಿ ಹಿಡಿಸುತ್ತವೆ. ಉದ್ದದ ವಿಷಯಸಾಲು ನಾಲ್ಕೈದು ತುಂಡುಗಳಾಗಿ ಬರುತ್ತದೆ. ಸೀವ್ ಈ ವೇಷವನ್ನು ಕಳಚಿ, ತುಂಡುಗಳನ್ನು ಜೋಡಿಸಿ, ಆ ಬಳಿಕವೇ ಪರೀಕ್ಷಿಸುತ್ತದೆ. ಆದ್ದರಿಂದ ನಿಯಮಪಟ್ಟಿಯಲ್ಲಿ ನೇರವಾಗಿ ಕನ್ನಡದಲ್ಲೇ ಬರೆಯಬಹುದು.

ಒಂದು ವಿಷಯಸಾಲು ಕನ್ನಡ ಲಿಪಿಯಲ್ಲಿದೆಯೇ ಎಂದು ತಿಳಿಯಲು ಇಡೀ ವರ್ಣಮಾಲೆಯನ್ನು ಪಟ್ಟಿ ಮಾಡಬೇಕಾಗಿಲ್ಲ. ‘ಕ್’ನಲ್ಲಿರುವ ಅರ್ಧಾಕ್ಷರದ ಚಿಹ್ನೆ, ‘ಕಾ’ದ ದೀರ್ಘ, ‘ಕಿ’ಯ ಗುಡಿಸು, ‘ಕು’ವಿನ ಕೊಂಬು, ಈ ನಾಲ್ಕರಲ್ಲಿ ಒಂದಾದರೂ ಇಲ್ಲದ ಕನ್ನಡ ವಾಕ್ಯ ಬಲು ಅಪರೂಪ. ಒತ್ತಕ್ಷರ ಇರುವಲ್ಲೆಲ್ಲ ಆ ಅರ್ಧಾಕ್ಷರದ ಚಿಹ್ನೆ ಒಳಗೆ ಅಡಗಿಯೇ ಇರುತ್ತದೆ ಎಂಬುದನ್ನು ಮೇಲೆ ನೋಡಿದೆವು. ಆದರೂ ‘ಕೆ’ಯಲ್ಲಿರುವ ಎತ್ವವನ್ನು ಐದನೆಯದಾಗಿ ಸೇರಿಸಿ, ‘ಸಭೆ’ ಎಂದಷ್ಟೇ ಬರೆದ ಪತ್ರ ಇಲ್ಲವಾದರೆ ತಪ್ಪಿಸಿಕೊಳ್ಳುತ್ತದೆ. ಈ ಚಿಹ್ನೆಗಳಲ್ಲಿ ಯಾವುದಾದರೊಂದು ಇದೆಯೇ ಎಂದು ‘ಕಂಟೇನ್ಸ್’ ಎಂಬ ಹೋಲಿಕೆಯಿಂದ ಕೇಳಬೇಕು. ಮಲಯಾಳದ ‘ಚಂದ್ರಕ್ಕಲ’ ಮತ್ತು ಸ್ವರಚಿಹ್ನೆಗಳಿಗೆ ಯುನಿಕೋಡಿನಲ್ಲಿ ಬೇರೆಯೇ ಸ್ಥಾನವಿರುವುದರಿಂದ ಎರಡು ಲಿಪಿಗಳು ಬೆರೆಯುವ ಭಯವಿಲ್ಲ.

ಇಲ್ಲಿ ಯಂತ್ರಕ್ಕೆ ತಿಳಿಯುವುದು ಲಿಪಿ ಮಾತ್ರ, ಭಾಷೆಯಲ್ಲ. ಕನ್ನಡ ಲಿಪಿಯಲ್ಲಿ ಬರೆದ ತುಳುವೂ ಕೊಂಕಣಿಯೂ ಅದಕ್ಕೆ ಕನ್ನಡವೇ. ಹಲವು ಭಾಷೆಗಳ ಕಾಸರಗೋಡಿನಲ್ಲಿ ಇದರಿಂದ ಯಾರಿಗೂ ಮುನಿಸಾಗಲಿಕ್ಕಿಲ್ಲ ಎಂದು ಭಾವಿಸುತ್ತೇವೆ.

ಪದಗಳನ್ನು ಹುಡುಕುವಾಗ ಕನ್ನಡದ ಗುಣಕ್ಕೆ ತಕ್ಕಂತೆ ನಡೆಯಬೇಕು. ‘ಶಾಲೆ’ ಎಂದು ಬರೆದರೆ ‘ಶಾಲಾ’ ಸಿಗುವುದಿಲ್ಲ. ‘ಶಾಲ’ ಎಂಬಷ್ಟನ್ನೇ ಕೊಟ್ಟರೆ ಶಾಲೆಯ, ಶಾಲೆಗೆ, ಶಾಲಾ ಎಲ್ಲವೂ ಸಿಗುತ್ತವೆ. ಜತೆಗೆ ‘ವಿಶಾಲ’ವೂ ಸಿಗುತ್ತದೆ, ಶಾಲಿನಿಯೂ ಸಿಗುತ್ತಾಳೆ. ಎಸೆಯುವ ನಿಯಮ ಇಲ್ಲದಿದ್ದರೆ ಇದು ನಗುವ ಸಂಗತಿಯಷ್ಟೇ. ಇನ್ನೊಂದು ಸೂಕ್ಷ್ಮವಿದೆ: ‘ಸುತ್ತೋಲೆ’ಯ ಓತ್ವದ ಚಿಹ್ನೆಯನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಸಿ ಮೂರು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಸೀವ್‌ನ ಸಾಮಾನ್ಯ ಹೋಲಿಕೆಗೆ ಅವು ಬೇರೆ ಬೇರೆ. ‘ಸುತ್ತ’ ಎಂಬಲ್ಲಿಗೇ ನಿಲ್ಲಿಸಿದರೆ ಈ ತೊಡಕು ಕಳೆಯುತ್ತದೆ.

ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಟೈಪು ಮಾಡಿದ ಪತ್ರಗಳ ಕತೆ ಬೇರೆ. ಅವು ನಿಜದಲ್ಲಿ ಇಂಗ್ಲಿಷ್ ಸಂಕೇತಗಳು, ಮೇಲೆ ಕನ್ನಡದ ಮುಖವಾಡ. ಅಂತಹ ಪತ್ರ ಸರ್ವರಿನ ಕಣ್ಣಿಗೆ ಕನ್ನಡವೇ ಅಲ್ಲ. ಮಲಯಾಳದಲ್ಲೂ ಹಳೆಯ ಅಕ್ಷರಶೈಲಿಗಳ ಇದೇ ಸಮಸ್ಯೆ ಇದೆ. ನಾವು ಸಲ್ಲಿಸುವ ಮನವಿಗಳಾದರೂ ಯುನಿಕೋಡಿನಲ್ಲೇ ಇರಲಿ ಎಂದು ಪಾಲಕರಲ್ಲಿ ಕೇಳಿಕೊಳ್ಳುತ್ತೇವೆ. ಕನ್ನಡಕ್ಕೆ ಯುನಿಕೋಡಿನಲ್ಲಿ 1991ರಿಂದಲೇ ಸ್ಥಾನವಿದೆ, ಹಳೆಯ ರೂಢಿಯನ್ನು ಬಿಡಲು ಇನ್ನೂ ಕಾಯಬೇಕಾಗಿಲ್ಲ.

ಇಷ್ಟನ್ನು ಇಟ್ಟುಕೊಂಡು ಮುಖ್ಯವಾದ ನಿಯಮವನ್ನು ಮಾತಿನಲ್ಲಿ ಹೀಗೆ ಬರೆಯಬಹುದು: ಪತ್ರ ಕಛೇರಿಯೊಂದರ ವಿಳಾಸದಿಂದ ಬಂದಿದ್ದು, ಅದರಲ್ಲಿ ಮಲಯಾಳದ ಚಿಹ್ನೆಗಳಿದ್ದರೆ, ಒಂದು ಪ್ರತಿಯನ್ನು ‘ಮಲಯಾಳ ಉತ್ತರ’ ಎಂಬ ಫೋಲ್ಡರಿಗೆ ಹಾಕು, ಮೂಲವನ್ನು ಒಳಪೆಟ್ಟಿಗೆಯಲ್ಲೇ ಬಿಡು. ಪ್ರತಿ ತೆಗೆಯುವುದಕ್ಕೆ ‘ಕಾಪಿ’ ಎಂಬ ವಿಸ್ತರಣೆ ಇದೆ. ಫೋಲ್ಡರ್ ಇಲ್ಲದಿದ್ದರೆ ತಾನೇ ನಿರ್ಮಿಸಲು ‘ಮೇಲ್‌ಬಾಕ್ಸ್’ ಎಂಬುದಿದೆ. ಬಳಸುವ ವಿಸ್ತರಣೆಗಳನ್ನೆಲ್ಲ ಫೈಲಿನ ಮೊದಲ ಸಾಲಿನಲ್ಲಿ ‘ರಿಕ್ವೈರ್’ ಎಂದು ಘೋಷಿಸಬೇಕು. ಕಛೇರಿಗಳ ವಿಳಾಸ ಯಾವುವೆಂದು ನಾವೇ ಪಟ್ಟಿ ಮಾಡಿಕೊಳ್ಳಬೇಕು. ಸರಕಾರಿ ಡೊಮೈನ್ ಒಂದನ್ನೇ ನಂಬಿದರೆ ಸಾಲದು, ಸಾಮಾನ್ಯ ಜಿಮೇಲ್ ವಿಳಾಸದಿಂದ ಬರೆಯುವ ಕಛೇರಿಗಳೂ ಉಂಟು.

ಮಲಯಾಳದ ಚಿಹ್ನೆಗಳನ್ನು ಹುಡುಕಬೇಕಾದದ್ದು ಎಲ್ಲಿ? ವಿಷಯಸಾಲನ್ನು ಮಾತ್ರ ನೋಡಿದರೆ ಲೆಕ್ಕ ತಲೆಕೆಳಗಾಗುತ್ತದೆ. ನಾವು ‘ಕನ್ನಡ ಅಧ್ಯಾಪಕರ ನೇಮಕಾತಿ ಕುರಿತು’ ಎಂದು ಬರೆದ ಮನವಿಗೆ ಅಧಿಕಾರಿಯು ‘ರಿಪ್ಲೈ’ ಗುಂಡಿ ಒತ್ತಿ ಮಲಯಾಳದಲ್ಲಿ ಉತ್ತರಿಸಿದರೆ, ನಮ್ಮದೇ ಕನ್ನಡ ವಿಷಯಸಾಲು ಹಾಗೆಯೇ ಮರಳಿ ಬರುತ್ತದೆ. ಯಂತ್ರ ಅದನ್ನು ಕನ್ನಡ ಉತ್ತರವೆಂದೇ ಬಗೆದೀತು! ಆದುದರಿಂದ ‘ಬಾಡಿ’ ಎಂಬ ವಿಸ್ತರಣೆಯನ್ನು ಬಳಸಿ ಪತ್ರದ ಒಡಲನ್ನೂ ಪರೀಕ್ಷಿಸಬೇಕು. ಒಡಲಿನ ಕೆಳಭಾಗದಲ್ಲಿ ನಮ್ಮ ಮೂಲ ಮನವಿಯ ಕನ್ನಡವೂ ಉಳಿದಿರುತ್ತದೆಯಾದ್ದರಿಂದ ಕನ್ನಡ ಇದೆಯೇ ಎಂದು ಕೇಳಿ ಫಲವಿಲ್ಲ. ಮಲಯಾಳ ಇದೆಯೇ ಎಂದು ಕೇಳುವುದೇ ಸರಿಯಾದ ಪ್ರಶ್ನೆ. ಆಗಲೂ ಎರಡು ಸಂದೇಹಗಳು ಉಳಿಯುತ್ತವೆ. ಕನ್ನಡದಲ್ಲೇ ಉತ್ತರಿಸಿದ ಅಧಿಕಾರಿಯ ಸಹಿಯ ಕೆಳಗೆ ಕಛೇರಿಯ ಹೆಸರು ಮಲಯಾಳದಲ್ಲಿದ್ದರೆ ಆ ಪತ್ರವೂ ಈ ಫೋಲ್ಡರಿಗೇ ಬೀಳುತ್ತದೆ. ಇಂಗ್ಲಿಷಿನ ಎರಡು ಸಾಲಿನೊಡನೆ ಸ್ಕ್ಯಾನ್ ಮಾಡಿದ ಮಲಯಾಳ ಆದೇಶ ಪಿಡಿಎಫ್ ಆಗಿ ಬಂದರೆ ಅದು ಬೀಳುವುದೇ ಇಲ್ಲ. ಚಿತ್ರದೊಳಗಿನ ಅಕ್ಷರಗಳನ್ನು ಸೀವ್ ಓದುವುದಿಲ್ಲ. ಹಾಗಾಗಿ ಕಛೇರಿಯಿಂದ ಬಂದು, ಮಲಯಾಳದ ಚಿಹ್ನೆ ಇಲ್ಲದ ಪತ್ರಗಳ ಪ್ರತಿಗೆ ‘ಪರಿಶೀಲಿಸಬೇಕು’ ಎಂಬ ಇನ್ನೊಂದು ಫೋಲ್ಡರ್ ಇರಲಿ. ವಾರಾಂತ್ಯಕ್ಕೆ ಒಬ್ಬರು ಎರಡೂ ಫೋಲ್ಡರುಗಳನ್ನು ಓದಿ, ತಾರೀಕು, ಕಛೇರಿ, ಉತ್ತರದ ಭಾಷೆ ಇವನ್ನು ಟಪಾಲು ಪುಸ್ತಕದಲ್ಲಿ ಬರೆಯಬೇಕು. ಅಹವಾಲಿಗೆ ಲಗತ್ತಿಸಬೇಕಾದದ್ದು ಮನುಷ್ಯರು ಓದಿ ಬರೆದ ಆ ಲೆಕ್ಕ.

ಇನ್ನು ಇದನ್ನು ಸರ್ವರಿಗೆ ಏರಿಸುವ ಕ್ರಮ. ಫಿಲ್ ಪೆನ್ನಾಕ್ ಅವರು ಪರ್ಲ್ ಭಾಷೆಯಲ್ಲಿ ರಚಿಸಿದ ‘ಸೀವ್-ಕನೆಕ್ಟ್’ ಎಂಬ ಸಲಕರಣೆ ಇದಕ್ಕೆ ಸಾಕು. ಸರ್ವರಿನ ಹೆಸರು, ಬಳಕೆದಾರರ ಹೆಸರುಗಳೊಡನೆ ಅದನ್ನು ಕರೆದರೆ ಗುಪ್ತಪದ ಕೇಳುತ್ತದೆ. ಗುಪ್ತಪದವನ್ನು ಆಜ್ಞೆಯ ಸಾಲಿನಲ್ಲೇ ಬರೆಯುವ ಅಭ್ಯಾಸ ಬೇಡ. ಟರ್ಮಿನಲ್ ತನ್ನ ಇತಿಹಾಸದಲ್ಲಿ ಅದನ್ನು ಉಳಿಸಿಕೊಳ್ಳುತ್ತದೆ, ಮುಂದಿನ ಪೀರಿಯಡ್‌ಗೆ ಬಂದ ಮಕ್ಕಳು ಮೇಲಿನ ಬಾಣದ ಕೀಲಿ ಒತ್ತಿ ಓದಿಬಿಡಬಹುದು. ಸರ್ವರಿನ ಪ್ರಮಾಣಪತ್ರ ಸರಿಯಿಲ್ಲವೆಂಬ ಎಚ್ಚರಿಕೆ ಬಂದರೆ ಅಲ್ಲಿಗೇ ನಿಲ್ಲಿಸಿ ಸೇವೆ ಒದಗಿಸುವವರನ್ನು ವಿಚಾರಿಸಬೇಕು.

ಮೊದಲು ‘ಲಿಸ್ಟ್’ ಆಜ್ಞೆಯಿಂದ ಅಲ್ಲಿ ಈಗಾಗಲೇ ಏನಿದೆಯೆಂದು ನೋಡಿ. ಇದು ಅಗತ್ಯ, ಏಕೆಂದರೆ ಸರ್ವರಿನಲ್ಲಿ ಎಷ್ಟೇ ನಿಯಮಪಟ್ಟಿಗಳಿದ್ದರೂ ಒಂದು ಸಮಯಕ್ಕೆ ಒಂದೇ ಜಾರಿಯಲ್ಲಿರುತ್ತದೆ. ಹಿಂದಿನವರು ವೆಬ್‌ಮೇಲ್ ಪುಟದಲ್ಲಿ ಕ್ಲಿಕ್ಕಿಸಿ ಮಾಡಿದ ನಿಯಮಗಳೂ ಹೆಚ್ಚಾಗಿ ಇಲ್ಲಿಯೇ ಒಂದು ಪಟ್ಟಿಯಾಗಿ ಕುಳಿತಿರುತ್ತವೆ. ನಮ್ಮದನ್ನು ಜಾರಿಗೊಳಿಸಿದೊಡನೆ ಅದು ತಾನಾಗಿ ನಿಲ್ಲುತ್ತದೆ, ಯಾರಿಗೂ ಸೂಚನೆ ಬರುವುದಿಲ್ಲ. ಆದ್ದರಿಂದ ಅದನ್ನು ‘ಡೌನ್‌ಲೋಡ್’ ಮಾಡಿ, ಓದಿ, ಬೇಕಾದ ನಿಯಮಗಳನ್ನು ನಮ್ಮ ಫೈಲಿಗೆ ಸೇರಿಸಿಕೊಳ್ಳಿ.

ಏರಿಸುವ ಮೊದಲು ಪರೀಕ್ಷೆ ನಡೆಸಲು ಡವ್‌ಕಾಟ್‌ನ ಸೀವ್ ಪೊಟ್ಟಣದಲ್ಲಿ ‘ಸೀವ್-ಟೆಸ್ಟ್’ ಎಂಬುದಿದೆ. ನಿಯಮಪಟ್ಟಿಯ ಜತೆಗೆ ಹಳೆಯ ಪತ್ರವೊಂದರ ಫೈಲನ್ನು ಅದಕ್ಕೆ ಕೊಟ್ಟರೆ, ಆ ಪತ್ರ ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನಷ್ಟೇ ತಿಳಿಸುತ್ತದೆ. ನಿಜವಾದ ಪೆಟ್ಟಿಗೆಯನ್ನು ಮುಟ್ಟುವುದಿಲ್ಲ. ಕನ್ನಡ, ಮಲಯಾಳ, ಇಂಗ್ಲಿಷ್ ವಿಷಯಸಾಲಿನ ಒಂದೊಂದು ಪತ್ರ, ಕನ್ನಡ ವಿಷಯಸಾಲಿನ ಮಲಯಾಳ ಉತ್ತರ ಒಂದು, ಒಂದು ಜಾಹೀರಾತು, ಇಷ್ಟನ್ನು ಪರೀಕ್ಷೆಗೆಂದೇ ತೆಗೆದಿಟ್ಟುಕೊಳ್ಳಿ. ಬಳಿಕ ‘ಅಪ್‌ಲೋಡ್’. ಏರಿಸುವಾಗಲೇ ಸರ್ವರ್ ವ್ಯಾಕರಣವನ್ನು ಪರಿಶೀಲಿಸಿ, ತಪ್ಪಿದ್ದರೆ ನಿರಾಕರಿಸುತ್ತದೆ. ಆದರೆ ವ್ಯಾಕರಣ ಸರಿಯಾಗಿದ್ದು ಅರ್ಥ ತಪ್ಪಾದದ್ದನ್ನು ಅದು ಹಿಡಿಯಲಾರದು. ಅದಕ್ಕಾಗಿಯೇ ಮೊದಲಿನ ಪರೀಕ್ಷೆ. ಹೊಸ ಪಟ್ಟಿಯ ಹೆಸರಿನಲ್ಲಿ ತಾರೀಕು ಇರಲಿ, ಹಳೆಯದನ್ನು ಅಳಿಸಬೇಡಿ. ಏರಿಸಿದ ಮಾತ್ರಕ್ಕೆ ಅದು ಜಾರಿಗೆ ಬರುವುದಿಲ್ಲ. ‘ಆಕ್ಟಿವೇಟ್’ ಎಂದು ಬೇರೆಯೇ ಹೇಳಬೇಕು. ಏನಾದರೂ ಎಡವಟ್ಟಾದರೆ ಹಳೆಯ ಹೆಸರಿಗೆ ಅದೇ ಆಜ್ಞೆ ಕೊಟ್ಟು ಕ್ಷಣದಲ್ಲಿ ಹಿಂದಿನ ಸ್ಥಿತಿಗೆ ಮರಳಬಹುದು. ಆರನೆಯ ಕೆಲಸದ ದಿನದ ಹಿಂದು ಮುಂದಿನ ವಾರಗಳಲ್ಲಿ ಮಾತ್ರ ಇಂತಹ ಬದಲಾವಣೆಗೆ ಕೈಹಾಕಬೇಡಿ; ಏಪ್ರಿಲ್-ಮೇ ರಜೆಯೇ ತಕ್ಕ ಕಾಲ.

ಕಳುಹಿಸಿದವರ ವಿಳಾಸವನ್ನು ಯಾರು ಬೇಕಾದರೂ ನಕಲಿ ಮಾಡಬಹುದು ಎಂಬುದು ನೆನಪಿರಲಿ. ವಿದ್ಯಾರ್ಥಿವೇತನದ ಹೆಸರಿನಲ್ಲಿ ಬ್ಯಾಂಕ್ ವಿವರ ಕೇಳುವ ಪತ್ರ ಕಛೇರಿಯ ಫೋಲ್ಡರಿನಲ್ಲಿ ಕಂಡುಬಂದಿತೆಂಬ ಕಾರಣಕ್ಕೆ ಅದು ಕಛೇರಿಯದೇ ಎಂದು ತಿಳಿಯಬೇಡಿ. ಫೋನ್ ಮಾಡಿ ಖಚಿತಪಡಿಸಿಕೊಂಡ ಮೇಲೆ ಮುಂದಿನ ಮಾತು.

ಸೀವ್ ಕೆಲಸ ಮಾಡುವುದು ಪತ್ರ ಬಂದು ತಲುಪುವ ಹೊತ್ತಿನಲ್ಲಿ. ಈಗಾಗಲೇ ಪೆಟ್ಟಿಗೆಯಲ್ಲಿರುವ ಹಳೆಯ ಪತ್ರಗಳಿಗೆ ಅದು ತಾನಾಗಿ ಅನ್ವಯಿಸುವುದಿಲ್ಲ. ಕಳೆದ ವರ್ಷಗಳ ಉತ್ತರಗಳನ್ನು ಕೈಯಾರೆ ಬೇರ್ಪಡಿಸಬೇಕು. ರಜೆಯಲ್ಲಿ ಇಬ್ಬರು ಹಿರಿಯ ವಿದ್ಯಾರ್ಥಿಗಳು ಜತೆ ಕುಳಿತರೆ ಆಗುವ ಕೆಲಸ, ಮಕ್ಕಳ ಖಾಸಗಿ ವಿವರಗಳಿರುವ ಪತ್ರಗಳನ್ನು ಮಾತ್ರ ಅಧ್ಯಾಪಕರೇ ನೋಡಿಕೊಳ್ಳಲಿ. ರಕ್ಷಕ-ಶಿಕ್ಷಕ ಸಂಘದ ಮಹಾಸಭೆಯಲ್ಲಿ ಹೊಸ ಸಮಿತಿ ಬಂದಾಗ ನಿರ್ಣಯ ಪುಸ್ತಕ, ಲೆಕ್ಕದ ಪುಸ್ತಕಗಳ ಜತೆಯಲ್ಲೇ ಈ ನಿಯಮಪಟ್ಟಿಯ ಫೈಲನ್ನೂ ಅದರ ಮುದ್ರಿತ ಪ್ರತಿಯನ್ನೂ ಹಸ್ತಾಂತರಿಸಿ, ಗುಪ್ತಪದವನ್ನು ಅದೇ ದಿನ ಬದಲಾಯಿಸಿ.